ಘಟ್ಟ ಇಳಿಯುವ ಕಾಫಿ, ಬಂದರಿನಲ್ಲಿ ಏಳುವ ಹೊಗೆ: ಹಾಸನ, ಚಿಕ್ಕಮಗಳೂರಿನ ರವಾನೆದಾರರಿಗೊಂದು ಕೈಪಿಡಿ

ರಾತ್ರಿ ಹನ್ನೊಂದೂವರೆಗೆ ಚಾಲಕರ ಫೋನು. ಹಿಂದಿನ ದಿನ ಮಧ್ಯಾಹ್ನ ಕಾಫಿಯ ಸಿಪ್ಪೆ ಬಿಡಿಸಿ ವಿಂಗಡಿಸುವ ಹಾಸನದ ಕ್ಯೂರಿಂಗ್ ಕಾರ್ಖಾನೆಯಿಂದ ಹೊರಟಿದ್ದ ನಮ್ಮ ಕಂಟೈನರ್ ಮಂಗಳೂರು ಬಂದರಿನ ಬಳಿ ಬೈಕಂಪಾಡಿಯ ರಸ್ತೆ ಬದಿಯಲ್ಲಿ ನಿಂತು ಒಂದು ಹಗಲು ಪೂರ್ತಿ ಕಳೆದಿತ್ತು. ಮಾತಿನ ಹಿಂದೆ ಎಂಜಿನ್ನಿನ ಗುಡುಗುಡು ಕೇಳುತ್ತಿತ್ತು. "ಎಂಜಿನ್ ಆರಿಸಬಾರದೇ ಅಣ್ಣ?" ಎಂದೆ. "ಆರಿಸಿದರೆ ಫ್ಯಾನಿಗೇ ಬ್ಯಾಟರಿ ಇಳಿದುಹೋಗುತ್ತದೆ ಸ್ವಾಮಿ, ಬೆಳಗ್ಗೆ ಗೇಟಿನ ಮುಂದೆ ತಳ್ಳುವವರು ಯಾರು? ಈ ಸೆಖೆಯಲ್ಲಿ ನೀವೊಂದು ರಾತ್ರಿ ಒಳಗೆ ಮಲಗಿ ನೋಡಿ" ಎಂದರು.

ಲಾರಿ ಅಲ್ಲಿ ನಿಲ್ಲಲು ಕಾರಣ ಬಂದರಿನವರೂ ಅಲ್ಲ, ಕಸ್ಟಮ್ಸಿನವರೂ ಅಲ್ಲ. ಒಂದು ಕಾಗದದಲ್ಲಿ 320 ಚೀಲ ಎಂದಿತ್ತು, ಇನ್ನೊಂದರಲ್ಲಿ 302. ತಪ್ಪಾಗಿ ಟೈಪಿಸಿದವನು ನಾನೇ.

ಅಲ್ಲಿಯ ತನಕ ಬಂದರಿನ ಹೊಗೆ ಎಂದರೆ ಮಂಗಳೂರಿನವರ ತಲೆನೋವು ಎಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವುದು ನಮ್ಮ ಸೀಮೆಯವರಿಗೆ ಶೋಭಿಸುವುದಿಲ್ಲ. 2010ರ ಜುಲೈಯಲ್ಲಿ ಸರ್ಕಾರ ಅದಿರು ರಫ್ತಿಗೆ ತಡೆ ಹಾಕುವ ತನಕ ಬಳ್ಳಾರಿಯ ಕಡೆಯಿಂದ ಅದಿರು ಹೊತ್ತ ಲಾರಿಗಳು ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಟ್ಟ ಇಳಿಯುತ್ತಿದ್ದವು. ರಸ್ತೆಯಂಚಿನ ಕಾಫಿ ಗಿಡದ ಎಲೆ ಒರೆಸಿದರೆ ಬೆರಳು ಕೆಂಪಾಗುತ್ತಿತ್ತು. ಬಂದರಿನ ಮಾಲಿನ್ಯ ನೂರೈವತ್ತು ಕಿಲೋಮೀಟರ್ ಘಟ್ಟ ಹತ್ತಿ ಬರಬಲ್ಲದು ಎಂದು ಆಗ ನಾವೇ ಕಂಡಿದ್ದೆವು. ಈಗ ನಮ್ಮ ಸರಕು ಕೆಳಗಿನವರಿಗೆ ಅದೇ ಕೆಲಸ ಮಾಡುತ್ತಿದೆ.

ಸ್ವಂತವಾಗಿ ರಫ್ತು ಮಾಡುವ ಸಣ್ಣ ವ್ಯಾಪಾರಿಗಳು, ಬೆಳೆಗಾರರ ಗುಂಪುಗಳು, ಕ್ಯೂರಿಂಗ್ ಕಾರ್ಖಾನೆಯ ರವಾನೆ ವಿಭಾಗದಲ್ಲಿ ಕೂತವರು, ಇವರಿಗಾಗಿ ಇದನ್ನು ಬರೆದಿದ್ದೇನೆ. ಮೆಣಸು, ಏಲಕ್ಕಿ ಕಳಿಸುವವರಿಗೂ ಬಹುಪಾಲು ಇದೇ ದಾರಿ.

ಮೊದಲು, ಹೊಗೆ ಎಲ್ಲಿಂದ ಬರುತ್ತದೆ

ಬಂದರಿನ ಹೊಗೆಗೆ ಮೂಲಗಳು ಹಲವು: ಹಡಗು, ಅದನ್ನು ಎಳೆಯುವ ಟಗ್ ದೋಣಿ, ಕ್ರೇನು, ಗೇಟಿನ ಮುಂದೆ ಸಾಲುಗಟ್ಟಿದ ಲಾರಿ. ಇದರ ಮೇಲೆ ಕಲ್ಲಿದ್ದಲು, ಅದಿರಿನಂಥ ಬಿಡಿ ಸರಕಿನ ದೂಳು.

ಇವುಗಳಲ್ಲಿ ಹಡಗಿನ ಇಂಧನದ ಕಥೆಯೇ ಬೇರೆ. 2020ರ ಏಪ್ರಿಲ್ 1ರಿಂದ ನಮ್ಮ ಬಂಕುಗಳಲ್ಲಿ ಸಿಗುವ ಬಿಎಸ್-6 (ವಾಹನದ ಹೊಗೆಗೆ ಭಾರತದ ಮಾನದಂಡ) ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ ಹತ್ತು ಪಾಲು ಮೀರುವಂತಿಲ್ಲ. ಹಡಗಿನ ಇಂಧನಕ್ಕೆ ಅದೇ ವರ್ಷ ಜನವರಿ 1ರಿಂದ ಜಾರಿಗೆ ಬಂದ ಜಾಗತಿಕ ಮಿತಿ 0.50%, ಅಂದರೆ ಹತ್ತು ಲಕ್ಷಕ್ಕೆ ಐದು ಸಾವಿರ. ನಮ್ಮ ಲಾರಿಯ ಡೀಸೆಲ್‌ಗಿಂತ ಐನೂರು ಪಟ್ಟು. ಅದಕ್ಕೂ ಹಿಂದೆ ಮಿತಿ 3.50% ಇತ್ತು. ಈ ಗಂಧಕ ಉರಿದು ಹೊರಬರುವ ಅನಿಲ ಗಾಳಿಯಲ್ಲಿ ಸೂಕ್ಷ್ಮ ಕಣವಾಗಿ ಎದೆಗೂಡಿಗೆ ಇಳಿಯುತ್ತದೆ.

ಬರ್ತ್‌ಗೆ, ಅಂದರೆ ಬಂದರಿನ ಕಟ್ಟೆಗೆ, ಕಟ್ಟಿದ ಹಡಗಿನಲ್ಲಿ ಮುಖ್ಯ ಎಂಜಿನ್ ನಿಂತಿದ್ದರೂ ದೀಪ, ಪಂಪು, ಶೀತಲ ಕಂಟೈನರ್‌ಗಳಿಗಾಗಿ ಸಹಾಯಕ ಎಂಜಿನ್‌ಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ಹಗಲಲ್ಲಿ ಕಡಲಗಾಳಿ ನೆಲದ ಕಡೆ ಬೀಸುವುದರಿಂದ ಮಧ್ಯಾಹ್ನದ ಹೊಗೆ ನೇರವಾಗಿ ಊರಿನೊಳಗೆ. ರಾತ್ರಿ ಗಾಳಿ ತಿರುಗಿದಾಗ ಅದು ಸಮುದ್ರದ ಪಾಲು.

ಹಡಗಿನ ಎಂಜಿನ್ ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ಕಾಯುವ ಗಂಟೆಗಳು, ಖಾಲಿ ಓಡಾಟದ ಕಿಲೋಮೀಟರುಗಳು, ಮತ್ತು ಬುಕಿಂಗ್ ಮಾಡುವ ಮುನ್ನ ಕೇಳುವ ಪ್ರಶ್ನೆಗಳು. ನನ್ನ ಅನುಭವದಲ್ಲಿ ಈ ಮೂರರಲ್ಲಿ ಬೇಗ ಫಲ ಕೊಡುವುದು ಮೊದಲನೆಯದು.

ಹೆಜ್ಜೆ 1: ಒಂದು ನೋಟ್‌ಬುಕ್ ಇಡಿ

ಆ್ಯಪ್ ಬೇಡ, ಗೆರೆ ಎಳೆದ ನೋಟ್‌ಬುಕ್ ಸಾಕು. ಪ್ರತಿ ಕಂಟೈನರ್‌ಗೂ ಒಂದು ಸಾಲು: ಅಂಗಳ ಬಿಟ್ಟ ಗಂಟೆ, ಮಂಗಳೂರು ತಲುಪಿದ ಗಂಟೆ, ಗೇಟು ದಾಟಿದ ಗಂಟೆ, ಮತ್ತು ಕಾದಿದ್ದಕ್ಕೆ ಕಾರಣ. ಕಾರಣದ ಕಾಲಂ ಖಾಲಿ ಬಿಡಬೇಡಿ. ನಾನು ಒಂದು ಹಂಗಾಮು ಬರೆದು ನೋಡಿದಾಗ "ಬಂದರಿನಲ್ಲಿ ರಶ್" ಎಂದು ನಾವು ಬಾಯಿಮಾತಿಗೆ ಹೇಳುತ್ತಿದ್ದ ಬಹಳಷ್ಟು ಸಾಲುಗಳ ಮೂಲ ನಮ್ಮದೇ ಮೇಜಿನ ಮೇಲಿತ್ತು.

ಹೊಗೆಯ ಲೆಕ್ಕ ಹಾಕುವುದು ಸುಲಭ. ನಿಂತಲ್ಲೇ ಓಡುವ ದೊಡ್ಡ ಎಂಜಿನ್ ಗಂಟೆಗೆ ಎರಡರಿಂದ ಮೂರು ಲೀಟರ್ ಡೀಸೆಲ್ ಕುಡಿಯುತ್ತದೆ. ಹತ್ತು ಲಾರಿ ಆರಾರು ಗಂಟೆ ಕಾದರೆ ಸುಮಾರು 150 ಲೀಟರ್. ಒಂದು ಲೀಟರ್ ಡೀಸೆಲ್ ಉರಿದರೆ 2.7 ಕಿಲೋಗ್ರಾಂನಷ್ಟು ಇಂಗಾಲದ ಡೈಆಕ್ಸೈಡ್ ಎಂದಿಟ್ಟುಕೊಳ್ಳಿ. 400 ಕಿಲೋ ಆಯಿತು, ಒಂದು ಅಂಗುಲವೂ ಮುಂದೆ ಹೋಗದೆ. 2025ರಲ್ಲಿ ಜಾರಿಗೆ ಬಂದ ನಿಯಮದಂತೆ ಹೊಸದಾಗಿ ತಯಾರಾಗುವ ಲಾರಿಗಳ ಚಾಲಕರ ಕ್ಯಾಬಿನ್‌ಗೆ ಎಸಿ ಕಡ್ಡಾಯವಾಗಿದೆ. ಚಾಲಕರಿಗೆ ಸಲ್ಲಬೇಕಾದದ್ದೇ ಅದು, ತಡವಾಗಿಯಾದರೂ ಬಂತು. ಆದರೆ ಎಸಿ ಇರುವ ಲಾರಿ ನಿಂತಲ್ಲಿ ಎಂಜಿನ್ ಆರಿಸುವವರು ಇನ್ನೂ ಕಡಿಮೆಯಾಗುತ್ತಾರೆ. ಆದ್ದರಿಂದ "ಎಂಜಿನ್ ಆರಿಸಿ" ಎಂಬ ಫಲಕ ನೆಡುವುದರಲ್ಲಿ ನನಗೆ ನಂಬಿಕೆಯಿಲ್ಲ, ಲಾರಿ ಕಾಯದಂತೆ ನೋಡಿಕೊಳ್ಳುವುದೇ ಮದ್ದು.

ಹೆಜ್ಜೆ 2: ಕಾಗದ ಮೊದಲು, ಲಾರಿ ಆಮೇಲೆ

ನಮ್ಮಲ್ಲಿ ರೂಢಿ ತಿರುಗುಮುರುಗು. ಕಂಟೈನರ್ ಬಂತು, ತುಂಬಿಸಿದೆವು, ಸೀಲು ಹಾಕಿದೆವು, ಕಳಿಸಿದೆವು. ಕಾಗದ ಹೇಗೂ ಮೇಲ್‌ನಲ್ಲಿ ಹೋಗುತ್ತದೆ ಎಂಬ ಧೈರ್ಯ. ಲಾರಿ ಘಟ್ಟದ ಬುಡದ ಗುಂಡ್ಯ ದಾಟುವ ಹೊತ್ತಿಗೆ ಇಲ್ಲಿ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿರುತ್ತದೆ.

ಈಗ ನಾವು ಪಾಲಿಸುವ ಕ್ರಮ ಹೀಗಿದೆ. ಕಾಫಿ ಮಂಡಳಿಯ ರಫ್ತು ಪರವಾನಗಿ, ಮೂಲ ಪ್ರಮಾಣಪತ್ರ, ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ, ಕಸ್ಟಮ್ಸ್‌ಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್ಲಿನ ಕರಡು, ಕೊಳ್ಳುವವರು ಕೇಳಿದ್ದರೆ ಫೈಟೊಸ್ಯಾನಿಟರಿ (ರೋಗ, ಕೀಟ ಇಲ್ಲವೆಂಬ) ಮತ್ತು ಫ್ಯೂಮಿಗೇಶನ್ (ಕೀಟನಾಶಕ ಹೊಗೆ ಹಾಕಿದೆಯೆಂಬ) ಪತ್ರ, ಇಷ್ಟನ್ನೂ ಒಂದೇ ಮೇಜಿನ ಮೇಲೆ ಹರಡುತ್ತೇವೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಬೆರಳಿಟ್ಟು ನೋಡುತ್ತಾರೆ: ಚೀಲಗಳ ಸಂಖ್ಯೆ, ನಿವ್ವಳ ತೂಕ, ಲಾಟ್ ಗುರುತು, ಕಂಟೈನರ್ ಸಂಖ್ಯೆ. ಬರೆದವರೇ ಓದಬಾರದು, ತಮ್ಮ ತಪ್ಪು ತಮಗೆ ಕಾಣುವುದಿಲ್ಲ. ನಾಲ್ಕೂ ಎಲ್ಲ ಕಾಗದಗಳಲ್ಲಿ ಒಂದೇ ಆಗಿದ್ದರೆ ಮಾತ್ರ ಲಾರಿಗೆ ಅಪ್ಪಣೆ. ಹದಿನೈದು ನಿಮಿಷದ ಕೆಲಸ.

ತೂಕದ ವಿಷಯದಲ್ಲಿ ಇನ್ನೊಂದು ಮಾತು. 2016ರ ಜುಲೈ 1ರಿಂದ ತುಂಬಿದ ಕಂಟೈನರಿನ ದೃಢೀಕೃತ ಒಟ್ಟು ತೂಕ ಕೊಡದೆ ಹಡಗು ಹತ್ತಿಸುವಂತಿಲ್ಲ. ಇಲ್ಲಿಯೇ ಮಾನ್ಯತೆಯಿರುವ ತೂಕಸೇತುವೆಯಲ್ಲಿ ತೂಗಿಸಿ ಕಳಿಸಿ. ಕೆಳಗೆ ಹೋಗಿ ತೂಗಿಸುತ್ತೇವೆ ಎಂದರೆ ಇನ್ನೊಂದು ಸಾಲು, ಇನ್ನೊಂದು ಗಂಟೆ.

ಪ್ರತಿ ಹಡಗಿಗೂ ಗೇಟು ತೆರೆಯುವ ಮತ್ತು ಮುಚ್ಚುವ ಹೊತ್ತು ಇರುತ್ತದೆ. ಕಸ್ಟಮ್ಸ್ ಕೆಲಸ ನೋಡಿಕೊಳ್ಳುವ ಕ್ಲಿಯರಿಂಗ್ ಏಜೆಂಟರನ್ನು ಹಿಂದಿನ ಸಂಜೆ ಮತ್ತು ಹೊರಡುವ ದಿನ ಬೆಳಗ್ಗೆ, ಎರಡು ಬಾರಿ ಕೇಳಿ. ಹಡಗು ಒಂದು ದಿನ ತಡವೆಂದು ಗೊತ್ತಾದರೆ ಲಾರಿ ನಿಮ್ಮ ಅಂಗಳದಲ್ಲೇ ನೆರಳಿನಲ್ಲಿ ನಿಲ್ಲಲಿ. ಎಂಜಿನ್ ಆರಿರುತ್ತದೆ, ಚಾಲಕರಿಗೆ ಊಟ, ಸ್ನಾನ ಇರುತ್ತದೆ. ಕಾಫಿಗೂ ಅದೇ ಒಳ್ಳೆಯದು. ಹಸಿ (ಹುರಿಯದ) ಬೀಜದ ತೇವಾಂಶ 12.5% ಮೀರಬಾರದೆಂದು ಇಷ್ಟೆಲ್ಲ ಒಣಗಿಸಿ, ಕೊನೆಗೆ ಕರಾವಳಿಯ ಬಿಸಿಲಲ್ಲಿ ಕಬ್ಬಿಣದ ಡಬ್ಬಿಯೊಳಗೆ ಬೆವರಿಸಿದರೆ ಬೂಷ್ಟು ಹಿಡಿಯದೆ ಇನ್ನೇನು?

ಹೊರಡುವ ಹೊತ್ತನ್ನೂ ಯೋಚಿಸಿ. ಬೆಳಗಿನ ಊಟ ಮುಗಿಸಿ ಹೊರಟರೆ ಬೆಳಕಿನಲ್ಲೇ ಘಟ್ಟ ಇಳಿದು, ಮುಸ್ಸಂಜೆಯ ನಂತರ ಸಾಲು ಕರಗಿದ ಮೇಲೆ ಗೇಟಿಗೆ ಹೋಗಬಹುದು. ಕಡಲಗಾಳಿಯೂ ಆಗ ತಗ್ಗಿರುತ್ತದೆ. ಆದರೆ ಈ ಲೆಕ್ಕಕ್ಕಾಗಿ ಚಾಲಕರನ್ನು ನಡುರಾತ್ರಿ ಶಿರಾಡಿಯ ಮಂಜಿನಲ್ಲಿ ಓಡಿಸಬೇಡಿ.

ಹೆಜ್ಜೆ 3: ಡಬ್ಬಿ ತುಂಬಿಸುವ ಲೆಕ್ಕ

ಇಪ್ಪತ್ತು ಅಡಿ ಕಂಟೈನರಿಗೆ 60 ಕಿಲೋದ ಚೀಲ 320, ಅಂದರೆ 19.2 ಟನ್. ಚೀಲವಿಲ್ಲದೆ, ಒಳಗೊಂದು ದೊಡ್ಡ ಲೈನರ್ ಹಾಸಿ ಬೀಜವನ್ನು ನೇರ ಸುರಿದರೆ 21 ಟನ್‌ಗೂ ಸ್ವಲ್ಪ ಹೆಚ್ಚು ಹಿಡಿಯುತ್ತದೆ. 192 ಟನ್ನಿನ ಒಪ್ಪಂದಕ್ಕೆ ಚೀಲದಲ್ಲಾದರೆ ಹತ್ತು ಕಂಟೈನರ್, ಸುರಿದರೆ ಒಂಬತ್ತು. ಒಂದು ಲಾರಿ ಘಟ್ಟ ಹತ್ತಿ ಇಳಿಯುವುದು, ಒಂದು ಡಬ್ಬಿಯನ್ನು ಕ್ರೇನು ಎತ್ತುವುದು ಎರಡೂ ತಪ್ಪಿತು. ಗೋಣಿಚೀಲದ ಖರ್ಚೂ ಉಳಿಯಿತು.

ಎಲ್ಲ ಕಾಫಿಗೂ ಇದು ಹೊಂದುವುದಿಲ್ಲ. ಹತ್ತು ಹದಿನೈದು ಚೀಲದ ವಿಶೇಷ ಲಾಟ್ ಕೊಳ್ಳುವವರು ತೋಟದ ಹೆಸರು ಮುದ್ರಿಸಿದ ಚೀಲವನ್ನೇ ಬಯಸುತ್ತಾರೆ. ಅಂಥವರು ನೆರೆಯ ತೋಟದವರ ಜೊತೆ ಸೇರಿ ಒಂದೇ ಡಬ್ಬಿ ತುಂಬಿಸಲಿ. ಅರ್ಧ ಖಾಲಿ ಕಂಟೈನರ್ ಕಳಿಸುವುದಕ್ಕಿಂತ ನಾಲ್ಕು ದಿನ ಕಾದು ತುಂಬಿಸುವುದು ಮೇಲು. ಕಾಯುವುದು ಅಂಗಳದಲ್ಲಾದರೆ ಹೊಗೆಯಿಲ್ಲ.

ಹೆಜ್ಜೆ 4: ಹೋಗುವಾಗ ಕಾಫಿ, ಬರುವಾಗ?

ಕಾರ್ಖಾನೆಯಲ್ಲೇ ಡಬ್ಬಿ ತುಂಬಿಸುವುದಾದರೆ ಖಾಲಿ ಕಂಟೈನರ್ ಮಂಗಳೂರಿನಿಂದ ಮೇಲೆ ಬರಬೇಕು. ಹಾಸನದಿಂದ ಬಂದರು ಇರುವ ಪಣಂಬೂರಿಗೆ ನೂರೆಪ್ಪತ್ತು, ನೂರೆಂಬತ್ತು ಕಿಲೋಮೀಟರ್. ಅರ್ಧ ದಾರಿ ಖಾಲಿ ಡಬ್ಬಿಗೇ ಡೀಸೆಲ್, ಅದೂ ಘಟ್ಟ ಹತ್ತುವ ಅರ್ಧ.

ಇದಕ್ಕೆ ಬದಲು ಸಾಧಾರಣ ಲಾರಿಯಲ್ಲಿ ಚೀಲ ಕಳಿಸಿ, ಬಂದರಿನ ಸಮೀಪದ ಕಂಟೈನರ್ ಗೋದಾಮಿನಲ್ಲಿ ತುಂಬಿಸಬಹುದು. ಆಗ ಅದೇ ಲಾರಿ ಮರಳುವಾಗ ಗೊಬ್ಬರ ತರುತ್ತದೆ. ತೋಟಕ್ಕೆ ಹೇಗೂ ಬೇಕು, ರಸಗೊಬ್ಬರದ ಕಾರ್ಖಾನೆ ಪಣಂಬೂರಿನಲ್ಲೇ ಇದೆ. ಹಮಾಲಿ ಎರಡು ಸಲ ಬೀಳುತ್ತದೆ, ಮಳೆಗಾಲದಲ್ಲಿ ಚೀಲ ನೆನೆಯುವ ಭಯವೂ ಇದೆ. ಜನವರಿಯಿಂದ ಮೇ ತನಕದ ಒಣ ತಿಂಗಳುಗಳಲ್ಲಿ ನಾನು ಈ ದಾರಿಯನ್ನೇ ಆರಿಸುತ್ತೇನೆ, ಜೂನ್ ಬಂದರೆ ಕಾರ್ಖಾನೆಯಲ್ಲೇ ತುಂಬಿಸುತ್ತೇನೆ. ಚಿಕ್ಕಮಗಳೂರಿನವರಿಗೆ ಚಾರ್ಮಾಡಿ ಹತ್ತಿರದ ದಾರಿಯಂತೆ ಕಂಡರೂ ಭಾರಿ ವಾಹನಗಳಿಗೆ ಅಲ್ಲಿ ನಿರ್ಬಂಧವಿದೆ. ಬೇಲೂರು, ಸಕಲೇಶಪುರದ ಮೂಲಕ ಶಿರಾಡಿಯ ಲೆಕ್ಕವನ್ನೇ ಹಾಕಿಕೊಳ್ಳಿ.

ರೈಲು? ಹಳಿ ಇದೆ. 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದ ಹಾಸನ–ಮಂಗಳೂರು ಮಾರ್ಗ ಈಗ ಬ್ರಾಡ್ ಗೇಜ್. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯ ತನಕ 55 ಕಿಲೋಮೀಟರ್ ಘಟ್ಟ, ಐವತ್ತು ಅಡಿಗೆ ಒಂದು ಅಡಿಯ ಇಳಿಜಾರು, 57 ಸುರಂಗ. ತುಂಬಿದ ಕಾಫಿ ಇಳಿಯುವ ದಿಕ್ಕು, ಖಾಲಿ ಡಬ್ಬಿ ಏರುವ ದಿಕ್ಕು. ಇಷ್ಟು ಅನುಕೂಲದ ಇಳಿಜಾರು ಇನ್ನಾವ ಸರಕಿಗೂ ಇಲ್ಲ. ತೊಡಕು ಇರುವುದು ಗಾತ್ರದಲ್ಲಿ. ಒಂದು ಕಂಟೈನರ್ ರೈಲಿಗೆ 45 ವ್ಯಾಗನ್, 90 ಡಬ್ಬಿ, ಅಂದರೆ 1,700 ಟನ್‌ಗೂ ಹೆಚ್ಚು ಕಾಫಿ. ಒಬ್ಬ ಸಣ್ಣ ವ್ಯಾಪಾರಿ ಇಡೀ ವರ್ಷ ಕಳಿಸಿದರೂ ಒಂದು ರೈಲು ತುಂಬುವುದಿಲ್ಲ. ಹಾಸನ, ಚಿಕ್ಕಮಗಳೂರಿನ ನಾಲ್ಕೈದು ಕ್ಯೂರಿಂಗ್ ಕಾರ್ಖಾನೆಗಳು ಹಂಗಾಮಿನಲ್ಲಿ ಹದಿನೈದು ದಿನಕ್ಕೊಂದು ದಿನ ಗೊತ್ತುಮಾಡಿಕೊಂಡು ರೈಲ್ವೆಯ ಸರಕು ವಿಭಾಗದ ಮುಂದೆ ಒಟ್ಟಾಗಿ ಹೋಗಬೇಕು. ಪೈಪೋಟಿಯವರು ಒಂದೇ ಬೆಂಚಿನಲ್ಲಿ ಕೂರುವುದು ನಮ್ಮ ವ್ಯಾಪಾರದಲ್ಲಿ ಅಪರೂಪ ಎಂಬುದು ನನಗೂ ಗೊತ್ತು.

ಒಂದು ಕಾಲಕ್ಕೆ ಕುದುರೆಮುಖದ ಅದಿರು ಲಾರಿಯನ್ನೂ ಹತ್ತದೆ, ರೈಲನ್ನೂ ಹತ್ತದೆ, ಕೆಸರಾಗಿ ಕೊಳವೆಯಲ್ಲಿ 67 ಕಿಲೋಮೀಟರ್ ಹರಿದು ಪಣಂಬೂರು ಸೇರುತ್ತಿತ್ತು. ರಸ್ತೆಯಲ್ಲಿ ಹೊಗೆಯೇ ಇಲ್ಲ. ಬೆಲೆ ತೆತ್ತದ್ದು ಮೇಲಿನ ಕಾಡು ಮತ್ತು ಭದ್ರಾ ನದಿ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತಿತು.

ಹೆಜ್ಜೆ 5: ಲಾರಿ ಗೊತ್ತುಮಾಡುವಾಗ

ಬಾಡಿಗೆ ಮಾತಾಡುವ ಮುನ್ನ ಲಾರಿಯ ನೋಂದಣಿ ಸಂಖ್ಯೆ ಕೇಳಿ, ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ಬಿಎಸ್-4 ಅಥವಾ ಬಿಎಸ್-6 ಎಂಬುದು ಅಲ್ಲೇ ಕಾಣುತ್ತದೆ, ಹೊಗೆ ತಪಾಸಣೆಯ ಅವಧಿಯೂ ಕಾಣುತ್ತದೆ. ಬಿಎಸ್-6 ಲಾರಿಗೆ ಡೀಸೆಲ್ ಜೊತೆ ಯೂರಿಯಾ ದ್ರಾವಣವೂ ಬೇಕು. ಸಾರಜನಕದ ಆಕ್ಸೈಡುಗಳನ್ನು ತಗ್ಗಿಸುವುದು ಅದೇ. ಖರ್ಚು ಉಳಿಸಲು ಆ ವ್ಯವಸ್ಥೆಯನ್ನೇ ಕಳಚಿ ಓಡಿಸುವವರಿದ್ದಾರೆ. ಡೀಸೆಲ್ ಬಿಲ್ಲಿನ ಜೊತೆ ದ್ರಾವಣದ ಬಿಲ್ಲನ್ನೂ ಕೇಳಿ. ನೂರು ಲೀಟರ್ ಡೀಸೆಲ್‌ಗೆ ಐದು ಲೀಟರಿನ ಆಸುಪಾಸು ಇದ್ದರೆ ಸರಿ. ಅಂಥ ಲಾರಿಗೆ ಸ್ವಲ್ಪ ಹೆಚ್ಚು ಬಾಡಿಗೆ ಕೊಡಲು ತಯಾರಿರಿ. ಬಾಯಿಯಲ್ಲಿ ಪರಿಸರ, ಕೈಯಲ್ಲಿ ಚೌಕಾಸಿ ಆದರೆ ಯಾರೂ ಹೊಸ ಲಾರಿ ತರುವುದಿಲ್ಲ.

ಹೆಜ್ಜೆ 6: ಹಡಗಿನವರಿಗೆ ಐದು ಪ್ರಶ್ನೆ

ಹಡಗಿನವರನ್ನು ನಾವು ಪ್ರಶ್ನಿಸಿ ಏನು ಸಾಧ್ಯ ಎಂದು ನಗುವವರಿಗೆ ಒಂದು ಸಂಗತಿ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. 2025ರ ಮೇ 1ರಿಂದ ಮೆಡಿಟರೇನಿಯನ್ ಸಮುದ್ರ ಪೂರ್ತಿ ಗಂಧಕ ನಿಯಂತ್ರಣ ವಲಯವಾಗಿದೆ, ಅಲ್ಲಿ ಮಿತಿ 0.10%. ಯುರೋಪಿನ ಬಂದರಿನಲ್ಲಿ ಎರಡು ಗಂಟೆಗಿಂತ ಹೆಚ್ಚು ಕಟ್ಟಿದ ಹಡಗಿಗೆ ಇದೇ ಮಿತಿ 2010ರಿಂದಲೂ ಇದೆ. ನಮ್ಮ ಕರಾವಳಿ ಅಂಥ ವಲಯವಲ್ಲ. ಅದೇ ಕಾಫಿಗಾಗಿ ಇಟಲಿಯ ಊರಿನ ಮುಂದೆ ಉರಿಯುವ ಇಂಧನಕ್ಕಿಂತ ಐದು ಪಟ್ಟು ಗಂಧಕವಿರುವ ಇಂಧನವನ್ನು ಮಂಗಳೂರಿನ ಮುಂದೆ ಉರಿಸಲು ಅನುಮತಿಯಿದೆ ಎಂದಾಯಿತು. ಇಟಲಿಯ ಕೊಳ್ಳುವವರು ಬೀಜದ ಮೂಲ, ನೆರಳಿನ ಮರ, ಕೂಲಿ ಎಲ್ಲವನ್ನೂ ವಿಚಾರಿಸುತ್ತಾರೆ. ಇದನ್ನೂ ವಿಚಾರಿಸಲಿ ಎಂದು ನಾವೇ ನೆನಪಿಸಬಹುದು.

ನಾನು ಹಡಗಿನಲ್ಲಿ ಜಾಗ ಕಾದಿರಿಸಿಕೊಡುವ ಫಾರ್ವರ್ಡರಿಗೆ ದರ ಕೇಳುವ ಮೇಲ್‌ನಲ್ಲೇ ಇವನ್ನು ಸೇರಿಸುತ್ತೇನೆ: ಈ ಹಡಗಿಗೆ ಇಂಗಾಲದ ದರ್ಜೆ ಯಾವುದು, ಎ ಇಂದ ಇ ತನಕ? ಬಂದರಿನಲ್ಲಿ ಕಟ್ಟಿದಾಗ ಯಾವ ಇಂಧನ ಉರಿಸುತ್ತೀರಿ? ಸ್ಕ್ರಬ್ಬರ್ ಇದೆಯೇ, ಇದ್ದರೆ ಹೊಗೆ ತೊಳೆದ ನೀರನ್ನು ಸಮುದ್ರಕ್ಕೇ ಬಿಡುತ್ತೀರಾ? ದಡದ ವಿದ್ಯುತ್ ಪಡೆಯುವ ಸಲಕರಣೆ ಹಡಗಿನಲ್ಲಿ ಇದೆಯೇ? ನಾಲ್ಕು ದಿನ ತಡವಾದರೂ ನಿಧಾನ ಹೋಗುವ ಹಡಗು ಇದೆಯೇ?

ಇಂಗಾಲದ ದರ್ಜೆ 2023ರಿಂದ ಜಾರಿಯಲ್ಲಿದೆ, ಉತ್ತರ ಅವರ ಬಳಿ ಇದ್ದೇ ಇರುತ್ತದೆ. ಕೊನೆಯ ಪ್ರಶ್ನೆ ನನಗೆ ಹೆಚ್ಚು ಪ್ರಿಯ. ಹಡಗಿನ ವೇಗ ಹತ್ತರಲ್ಲಿ ಒಂದು ಪಾಲು ಇಳಿದರೆ ಎಂಜಿನ್ನಿಗೆ ಬೇಕಾದ ಶಕ್ತಿ ಕಾಲುಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಪ್ರಯಾಣ ಉದ್ದವಾಗುವುದನ್ನು ಕಳೆದರೂ ಇಂಧನದಲ್ಲಿ ಸುಮಾರು 19% ಉಳಿತಾಯ. ಹಸಿ ಕಾಫಿ ಬೀಜ ಮೀನಲ್ಲ, ಮಲ್ಲಿಗೆಯಲ್ಲ. ಒಪ್ಪಂದದಲ್ಲಿ ತಲುಪುವ ದಿನಕ್ಕೆ ಒಂದು ವಾರದ ಸಡಿಲ ಬರೆಸಿಕೊಳ್ಳಿ. 2023ರ ಕೊನೆಯಲ್ಲಿ ಕೆಂಪು ಸಮುದ್ರದ ದಾಳಿಗಳು ಶುರುವಾಗಿ ಹಡಗುಗಳು ಆಫ್ರಿಕಾ ಸುತ್ತತೊಡಗಿದಾಗ ಕೊಳ್ಳುವವರು ಇದಕ್ಕಿಂತ ದೊಡ್ಡ ತಡವನ್ನು ನುಂಗಿಕೊಂಡಿದ್ದಾರೆ.

ಮೊದಲ ಸಲ ನನಗೆ ಬಂದ ಉತ್ತರ ದರದ ಪಟ್ಟಿ ಮಾತ್ರ, ಪ್ರಶ್ನೆಗಳ ಸುದ್ದಿಯೇ ಇಲ್ಲ. ಎರಡನೆಯ ಹಂಗಾಮಿನಲ್ಲಿ ಐದರಲ್ಲಿ ಎರಡಕ್ಕೆ ಬಂತು.

ಹೆಜ್ಜೆ 7: ಬಂದರಿಗೆ ಬರೆಯಿರಿ

ಕಟ್ಟಿದ ಹಡಗಿನ ಹೊಗೆಗೆ ನೇರ ಪರಿಹಾರ ದಡದ ವಿದ್ಯುತ್: ಹಡಗು ತನ್ನ ಎಂಜಿನ್ ಆರಿಸಿ ಬರ್ತ್‌ನಿಂದ ಕರೆಂಟು ಪಡೆಯುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 2000ದಿಂದ, ಲಾಸ್ ಏಂಜಲೀಸ್‌ನ ಕಂಟೈನರ್ ಬರ್ತ್‌ನಲ್ಲಿ 2004ರಿಂದ ಇದು ನಡೆದಿದೆ. ಇಲ್ಲಿ ಒಂದು ತಾಂತ್ರಿಕ ತೊಡಕು: ಬಹುಪಾಲು ದೊಡ್ಡ ಹಡಗುಗಳದ್ದು 60 ಹರ್ಟ್ಸ್ ವಿದ್ಯುತ್, ನಮ್ಮದು 50. ನಡುವೆ ದುಬಾರಿ ಪರಿವರ್ತಕ ಬೇಕು. ಪರಿವರ್ತಕ ಇದ್ದರೂ ಹಡಗಿನಲ್ಲಿ ಪ್ಲಗ್ಗು ಇರಬೇಕು. ಅದಕ್ಕೇ ಮೇಲಿನ ನಾಲ್ಕನೆಯ ಪ್ರಶ್ನೆ.

ಕೇಂದ್ರ ಸರ್ಕಾರ 2023ರ ಮೇಯಲ್ಲಿ ಹೊರಡಿಸಿದ ಹರಿತ್ ಸಾಗರ್ ಮಾರ್ಗಸೂಚಿಯಂತೆ ದೊಡ್ಡ ಬಂದರುಗಳು ಪ್ರತಿ ಟನ್ ಸರಕಿನ ಮೇಲಿನ ಇಂಗಾಲವನ್ನು 2030ರೊಳಗೆ 30%, 2047ರೊಳಗೆ 70% ತಗ್ಗಿಸಬೇಕು. ನವ ಮಂಗಳೂರು ಬಂದರು 1974ರಿಂದಲೂ ಆ ದೊಡ್ಡ ಬಂದರುಗಳ ಪಟ್ಟಿಯಲ್ಲಿದೆ. ಸರಕು ಕಳಿಸುವವರಾಗಿ ಲೆಕ್ಕ ಕೇಳುವುದು ನಮ್ಮ ಹಕ್ಕು. ಮಾಹಿತಿ ಹಕ್ಕು ಅರ್ಜಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, 500 ಪದದ ಮಿತಿ. "ಹೊಗೆ ತಗ್ಗಿಸಲು ಏನು ಮಾಡಿದ್ದೀರಿ" ಎಂದು ಕೇಳಿದರೆ ಪ್ರಬಂಧ ಬರುತ್ತದೆ. ಅಂಕಿ ಬರುವಂತೆ ಕೇಳಿ: ಎಷ್ಟು ಬರ್ತ್‌ಗಳಲ್ಲಿ ಹಡಗಿಗೆ ದಡದ ವಿದ್ಯುತ್ ಇದೆ, ಕಳೆದ ಹಣಕಾಸು ವರ್ಷದಲ್ಲಿ ಎಷ್ಟು ಗಂಟೆ ಬಳಕೆಯಾಯಿತು, ಟಗ್‌ಗಳು ಎಷ್ಟು ಡೀಸೆಲ್ ಉರಿಸಿದವು, ಕಂಟೈನರ್ ಲಾರಿ ಗೇಟಿನೊಳಗೆ ಹೋಗಿ ಹೊರಬರಲು ಸರಾಸರಿ ಎಷ್ಟು ಹೊತ್ತು. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ, ಅದಕ್ಕೆ ಶುಲ್ಕವಿಲ್ಲ.

ಮಕ್ಕಳು ಬಂದರಿನ ಹತ್ತಿರದ ಸುರತ್ಕಲ್‌ನಲ್ಲಿ ಓದುತ್ತಿದ್ದರೆ

ನಮ್ಮ ಕಡೆಯ ಎಷ್ಟೋ ಮನೆಗಳ ಮಕ್ಕಳು ಅಲ್ಲಿದ್ದಾರೆ, ಆದ್ದರಿಂದ ನಾಲ್ಕು ಸಾಲು. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಇರುವುದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ. ಮಂಗಳೂರು ಆ ಪಟ್ಟಿಯಲ್ಲಿಲ್ಲ, ಹಾಗೆಂದು ಗಾಳಿ ಚೊಕ್ಕವೆಂದು ತಿಳಿಯಬೇಕಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ಸೂಕ್ಷ್ಮ ಕಣದ (ಪಿಎಂ 2.5) ಅಂಕಿ ನೋಡಲು ಹೇಳಿ. 24 ಗಂಟೆಯ ರಾಷ್ಟ್ರೀಯ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ಉಬ್ಬಸ ಇರುವವರು ಓಟ, ಆಟವನ್ನು ಮಧ್ಯಾಹ್ನದ ಕಡಲಗಾಳಿಗೆ ಬಿಡದೆ ಬೆಳಗ್ಗೆ ಮುಗಿಸಲಿ. ದೂಳು ಅತಿಯಾದ ದಿನ ಫೋನಿನಲ್ಲಿ ಗಂಟೆ ಕಾಣುವಂತೆ ಫೋಟೊ ತೆಗೆದು, ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತೆಂದು ಬರೆದು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಂಗಳೂರು ಕಚೇರಿಗೆ ಕಳಿಸಲಿ. ದಿಕ್ಕು ಬರೆಯದ ದೂರಿಗೆ "ಯಾವ ಮೂಲದಿಂದ ಎಂದು ತಿಳಿದುಬಂದಿಲ್ಲ" ಎಂಬ ಉತ್ತರ ಬರೆಯುವುದು ಬಹಳ ಸುಲಭ.